ಕಲ್ಲು ಸುರಿಯುವ ಮೊದಲು: ನಮ್ಮ ದಂಡೆಯ ಮುಂದಿನ 50 ವರ್ಷದ ಬಗ್ಗೆ ಮಾತಾಡೋಣ

ಬಡಗಣಿ ದಂಡೆ

ನಮ್ಮೂರು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಕಡಲಂಚಿನಲ್ಲಿದೆ. ಬರುವ ಗ್ರಾಮಸಭೆಗೆ ಒಂದು ಅರ್ಜಿ ತಯಾರಾಗಿದೆ. ಅದರಲ್ಲಿರುವುದು ಒಂದೇ ಬೇಡಿಕೆ: ಕಡಲ್ಕೊರೆತಕ್ಕೆ ಕಲ್ಲಿನ ತಡೆಗೋಡೆ. ಸಹಿಗೆಂದು ನನಗೂ ಕೊಟ್ಟಿದ್ದಾರೆ, ನಾನಿನ್ನೂ ಹಾಕಿಲ್ಲ. ಗೋಡೆಯೇ ಬೇಡ ಎನ್ನುವವನು ನಾನಲ್ಲ. ಆದರೆ ಆ ಅರ್ಜಿಯಲ್ಲಿ ಈ ಮಳೆಗಾಲ ದಾಟುವುದರಾಚೆಗೆ ಒಂದು ಮಾತೂ ಇಲ್ಲ.

ಜೂನ್ ಬಂತೆಂದರೆ ಕಡಲು ಮರಳು ಒಯ್ಯುತ್ತದೆ, ಟಿವಿಯವರು ಬರುತ್ತಾರೆ, ಟಿಪ್ಪರಿನಲ್ಲಿ ಕಲ್ಲು ಬರುತ್ತದೆ. ದೀಪಾವಳಿ ಕಳೆಯುವಷ್ಟರಲ್ಲಿ ಅಲೆ ಇಳಿಯುತ್ತದೆ, ಬೇಸಿಗೆಯೊಳಗೆ ಒಯ್ದ ಮರಳಿನ ಬಹುಪಾಲು ತಿರುಗಿ ಬಂದು ಕೂರುತ್ತದೆ, ಎಲ್ಲರೂ ಮರೆಯುತ್ತಾರೆ. ಪ್ರತಿ ವರ್ಷ ಹೋಗಿ ಬರುವ ಮರಳು ಒಂದು ಕಡೆ, ಹೋದದ್ದು ಬಾರದೆ ದಂಡೆಯೇ ಹಿಂದೆ ಸರಿಯುವುದು ಇನ್ನೊಂದು ಕಡೆ. ಅರ್ಜಿ ಬರೆದವರು ಎರಡನ್ನೂ ಒಂದೇ ಮಾಡಿದ್ದಾರೆ.

ನನ್ನ ಪ್ರಶ್ನೆ ಇಷ್ಟು. ಎಲ್ಲಿ ಕಡಲನ್ನು ತಡೆದು ನಿಲ್ಲಬೇಕು, ಎಲ್ಲಿ ಅದಕ್ಕೆ ಜಾಗ ಬಿಡಬೇಕು, ಜಾಗ ಬಿಡುವವರು ಎಲ್ಲಿಗೆ ಹೋಗಬೇಕು ಎನ್ನುವುದನ್ನು ಕಡಲು ಇನ್ನೂ ನಾಲ್ಕು ಮನೆ ದೂರ ಇರುವಾಗಲೇ ನಾವು ಕೂತು ತೀರ್ಮಾನಿಸಲು ಆಗುವುದಿಲ್ಲವೇ? ಅರ್ಜಿಯನ್ನು ಆ ದಾರಿಯಲ್ಲಿ ತಿದ್ದಿ ಬರೆಯಬೇಕೆಂದಿದ್ದೇನೆ. ಗೊತ್ತಿದ್ದವರು ಹೇಳಿ.

ಹಾರವಾಡ ಕೇರಿ

ಅಣ್ಣ, "ಜಾಗ ಬಿಡುವ" ಮಾತು ಓದಿ ಹೊಟ್ಟೆ ಉರಿಯಿತು. ನಮ್ಮ ಕೇರಿಯಲ್ಲಿ ಪಾತಿ ದೋಣಿ ಎಳೆದು ಇಡಲಿಕ್ಕೆ ಜಾಗ ಉಳಿದಿಲ್ಲ. ತೆಂಗಿನ ಮರ ಬುಡ ಸಮೇತ ಹೋದವು. ಈ ಮಳೆಗಾಲಕ್ಕೆ ಮನೆ ಉಳಿದರೆ ತಾನೇ 50 ವರ್ಷದ ಮಾತು?

ಈ ಜಿಲ್ಲೆಯಲ್ಲಿ ಒಂದಲ್ಲ ಒಂದು ಯೋಜನೆಗೆ ಜಾಗ ಬಿಟ್ಟುಕೊಟ್ಟವರ ಪಾಡು ಏನಾಯಿತು ಅಂತ ಎಲ್ಲರ ಮನೆಯಲ್ಲೂ ಗೊತ್ತಿದೆ. ಇನ್ನು ಕಡಲಿನ ಹೆಸರು ಹೇಳಿ ಮತ್ತೊಮ್ಮೆ ಎಬ್ಬಿಸುತ್ತೀರಾ? ನಾವು ಎದ್ದ ಜಾಗದಲ್ಲಿ ನಾಳೆ ರೆಸಾರ್ಟ್ ಬರುವುದಿಲ್ಲ ಅಂತ ಬರೆದು ಕೊಡುವವರು ಯಾರು?

ಹಳೆ ಸರ್ವೇಕಲ್ಲು

ಹಾರವಾಡದ ತಮ್ಮಾ, ನಿಮ್ಮ ಕೊನೆಯ ಪ್ರಶ್ನೆ ಈ ಚರ್ಚೆಯ ನಡುವೆಯೇ ಇರಬೇಕಾದದ್ದು. ಅದಕ್ಕೆ ಆಮೇಲೆ ಬರುತ್ತೇನೆ. ಕಡಲ ಬದಿಯ ಕಾಮಗಾರಿಗಳಲ್ಲೇ ಕೆಲಸ ಮಾಡಿ ನಿವೃತ್ತನಾದವನು ನಾನು, ಮೊದಲು ಕಲ್ಲಿನ ವಿಷಯ ಹೇಳಿಬಿಡುತ್ತೇನೆ. ಸ್ವಲ್ಪ ಉದ್ದವಾದೀತು.

ನಮ್ಮ ಕರಾವಳಿಯ ಆಕಾರ ಬೇರೆ. ಉಡುಪಿ ಕಡೆ ದಂಡೆ ಮೈಲಿಗಟ್ಟಲೆ ನೇರವಾಗಿ ಹೋಗುತ್ತದೆ. ನಮ್ಮಲ್ಲಿ ಘಟ್ಟದ ಗುಡ್ಡಗಳೇ ಕಡಲಿಗೆ ಇಳಿದಿವೆ. ಕಾರವಾರದಿಂದ ಗೋಕರ್ಣ ದಾಟಿ ಭಟ್ಕಳದವರೆಗೆ ಎರಡು ಗುಡ್ಡಗಳ ನಡುವೆ ಒಂದು ಕೊಲ್ಲಿ, ಅದರೊಳಗೆ ಒಂದು ದಂಡೆ, ಹಲವು ಕಡೆ ಹೊಳೆ ಕಡಲು ಸೇರುವ ಅಳಿವೆ. ಮರಳು ಬಹುಮಟ್ಟಿಗೆ ಆ ಎರಡು ಗುಡ್ಡಗಳ ನಡುವೆಯೇ ಓಡಾಡಿಕೊಂಡಿರುತ್ತದೆ. ಒಂದೊಂದು ಕೊಲ್ಲಿಗೂ ಸೊಸೈಟಿಯಲ್ಲಿ ಬೇರೆಬೇರೆ ಪಾಸ್‌ಬುಕ್ ಇದ್ದ ಹಾಗೆ: ಹೊಳೆ ತಂದು ಹಾಕುವುದು ಜಮಾ, ಆಳಕ್ಕೆ ಹೋಗುವುದು, ನಾವು ಲಾರಿಯಲ್ಲಿ ಒಯ್ಯುವುದು ಖರ್ಚು. ಹೀಗಿರುವಾಗ ಯೋಜನೆಯನ್ನು ಪಂಚಾಯಿತಿಯ ಗಡಿ ಹಿಡಿದು ಮಾಡಿದರೆ ಒಂದೇ ಕೊಲ್ಲಿಯ ಎರಡು ಊರು ಒಂದರ ಮರಳನ್ನು ಒಂದು ಕಸಿದುಕೊಳ್ಳುತ್ತವೆ.

ಈಗ ಗೋಡೆ. ಅದು ಹಿಂದಿರುವ ಮನೆಯನ್ನು ಉಳಿಸುತ್ತದೆ, ಮುಂದಿರುವ ದಂಡೆಯನ್ನು ಉಳಿಸುವುದಿಲ್ಲ. ಇಳಿಜಾರಾದ ಮರಳಿನ ಮೇಲೆ ಅಲೆ ಏರಿ ಸುಸ್ತಾಗುತ್ತದೆ. ಕಲ್ಲಿಗೆ ಬಡಿದ ಅಲೆ ಬಿರುಸಿನಲ್ಲೇ ತಿರುಗಿ ಹೋಗುವಾಗ ಬುಡದ ಮರಳನ್ನು ಎಬ್ಬಿಸಿಕೊಂಡು ಹೋಗುತ್ತದೆ. ಬುಡ ಆಳವಾದಂತೆ ಕಲ್ಲು ಕೂರುತ್ತದೆ, ನಾವು ಮೇಲೆ ಇನ್ನಷ್ಟು ಹಾಕುತ್ತೇವೆ. ಗೋಡೆ ಮುಗಿಯುವ ತುದಿಯಲ್ಲಿ ಅಲೆ ತಿರುಗಿ ಪಕ್ಕದ ಬರಿ ದಂಡೆಗೆ ಬೀಳುತ್ತದೆ, ಮುಂದಿನ ವರ್ಷ ಆ ಕೇರಿಯವರ ಅರ್ಜಿ ಬರುತ್ತದೆ. ಸರಿಯಾಗಿ ಕಟ್ಟಿದರೆ ಬಾಳಿಕೆ ಬರುತ್ತದೆ ನಿಜ. ಕೆಳಗೆ ನೀರು ಬಿಟ್ಟು ಮರಳು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಸಣ್ಣ ಕಲ್ಲಿನ ಹಾಸು, ಮೇಲೆ ತೂಕದ ಬಂಡೆ, ಬುಡಕ್ಕೆ ಅಗಲವಾದ ಪಾದ ಇರಬೇಕು. ಜುಲೈಯಲ್ಲಿ ಗಡಿಬಿಡಿಯಿಂದ ಸುರಿಯುವ ಕಲ್ಲಿಗೆ ಇದ್ಯಾವುದೂ ಇರುವುದಿಲ್ಲ.

ಹಾಗೆಂದು ಎಲ್ಲೂ ಗೋಡೆ ಬೇಡ ಎನ್ನಲಾರೆ. ಕಾರವಾರದಂಥ ಪೇಟೆ, ಹೆದ್ದಾರಿ ಕಡಲಿಗೆ ತಾಗಿ ಹೋಗುವ ಜಾಗ, ಹಿಂದೆ ಸರಿಯಲು ಜಾಗವೇ ಇಲ್ಲದ ಕಡೆ ಕಟ್ಟಲೇಬೇಕು. ಕಟ್ಟಿದ ಮೇಲೆ ನಿರ್ವಹಣೆಯ ಹಣವನ್ನು ಪ್ರತಿ ವರ್ಷ ತೆಗೆದಿಡಬೇಕು.

ಒಟ್ಟು ಚಿತ್ರವನ್ನೂ ನೋಡಿ. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದಾಗ ದೇಶದ ಕರಾವಳಿಯಲ್ಲಿ ಶೇ 33.6ರಷ್ಟು ಕೊರೆಯುತ್ತಿತ್ತು, ಶೇ 26.9ರಷ್ಟು ಬೆಳೆಯುತ್ತಿತ್ತು, ಉಳಿದದ್ದು ಹೆಚ್ಚುಕಡಿಮೆ ನಿಂತಲ್ಲೇ ಇತ್ತು. ಕರ್ನಾಟಕದಲ್ಲಿ ಕೊರೆತದ ಪಾಲು ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ಅಂದರೆ ಎಲ್ಲ ಕಡೆ ಬೆಂಕಿ ಬಿದ್ದಿಲ್ಲ. ಯೋಚನೆ ಮಾಡಲು ನಮಗಿನ್ನೂ ಸಮಯ ಇದೆ, ಅದನ್ನು ಕಲ್ಲು ಹೊರುವುದರಲ್ಲೇ ಕಳೆಯಬಾರದು.

ಹಾರವಾಡ ಕೇರಿ

ಸರ್, ಅಲೆಯ ಮಾತು ಒಪ್ಪಿದೆ, ನಾವೂ ಕಣ್ಣಾರೆ ನೋಡಿದ್ದೇ. ಹಾಗಾದರೆ ಕಡಲೊಳಗೇ ಏನಾದರೂ ಹಾಕಲಿ. ಉಳ್ಳಾಲದಲ್ಲಿ ಮಾಡಿದರಲ್ಲ?

ಹಳೆ ಸರ್ವೇಕಲ್ಲು

ಮಾಡಿದರು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಡಲೊಳಗೆ ಕೃತಕ ದಿಬ್ಬ, ಅಲೆತಡೆ, ದಂಡೆಗೆ ಅಡ್ಡಲಾಗಿ ಕಡಲೊಳಗೆ ಚಾಚುವ ಗ್ರೋಯ್ನ್ ಎಂಬ ಕಟ್ಟೆ. ಉಡುಪಿಯ ಮರವಂತೆಯಲ್ಲೂ ಗ್ರೋಯ್ನ್ ಹಾಕಿದ್ದಾರೆ. ರಕ್ಷಣೆ ಸಿಕ್ಕ ಜಾಗಕ್ಕೆ ಉಪಕಾರವಾಗಿದೆ. ಆದರೂ ಉಳ್ಳಾಲದ ದಕ್ಷಿಣಕ್ಕೆ ಬಟ್ಟಪ್ಪಾಡಿ ಕಡೆಯ ಕೊರೆತ ಮಳೆಗಾಲದ ಸುದ್ದಿಯಾಗುವುದು ನಿಂತಿಲ್ಲ. ಅಂಥ ರಚನೆಗೆ ಬೇಕಾಗುವ ದುಡ್ಡು ಪ್ರತಿ ಕೇರಿಗೂ ಸಿಗುವುದು ಕನಸು. ನೆದರ್‌ಲ್ಯಾಂಡ್ಸ್‌ನವರು 2011ರಲ್ಲಿ 2 ಕೋಟಿ ಘನ ಮೀಟರಿಗೂ ಹೆಚ್ಚು ಮರಳನ್ನು ಕಡಲ ತಳದಿಂದ ಎತ್ತಿ ಒಂದೇ ಕಡೆ ಹಾಕಿ, ಅದನ್ನು ಅಲೆಯೇ ಹಂಚಲಿ ಎಂದು ಬಿಟ್ಟರು. 1990ರಿಂದ ಅವರ ಸರ್ಕಾರದ ನೀತಿಯೇ ಅದು, ದಂಡೆಯ ಗೆರೆ ಹಿಂದೆ ಸರಿಯದ ಹಾಗೆ ಮರಳು ಉಣಿಸುತ್ತಾ ಇರುವುದು. ನಮಗೆ ಆ ಪ್ರಮಾಣ ಬೇಡ. ಅಳಿವೆಯಲ್ಲಿ ದೋಣಿಗೆ ದಾರಿ ಮಾಡಲು ಹೂಳೆತ್ತುತ್ತೇವಲ್ಲ, ಆ ಮರಳನ್ನು ಹೊರಗೆ ಮಾರದೆ ಅದೇ ಕೊಲ್ಲಿಯ ಸೊರಗಿದ ದಂಡೆಗೆ ಹಾಕಿದರೆ ಅಷ್ಟೇ ದೊಡ್ಡ ಉಪಕಾರ. ಅರ್ಜಿಯಲ್ಲಿ ಇದೊಂದು ಸಾಲು ಇರಲೇಬೇಕು.

ಮುರ್ಡೇಶ್ವರದವಳು

ನಾನೀಗ ಬ್ರಿಸ್ಟಲ್‌ನಲ್ಲಿದ್ದೇನೆ. ಇಲ್ಲಿಯ ಪದ್ಧತಿ ಹೇಳುತ್ತೇನೆ, ಅದರ ಒಳ್ಳೆಯದೂ ಕೆಟ್ಟದ್ದೂ ಎರಡೂ ನಮಗೆ ಬೇಕು.

ಇಂಗ್ಲೆಂಡ್, ವೇಲ್ಸ್ ಕರಾವಳಿಯನ್ನು ಇಲ್ಲಿ ಮರಳು ಓಡಾಡುವ ತುಂಡುಗಳಾಗಿ ಭಾಗ ಮಾಡಿದ್ದಾರೆ, ಮೇಲಿನ ಸರ್ ಹೇಳಿದ ಹಾಗೆಯೇ. ಪ್ರತಿ ತುಂಡಿಗೂ 20, 50, 100 ವರ್ಷದ ಮೂರು ಅವಧಿಗೆ ನಾಲ್ಕರಲ್ಲಿ ಒಂದು ತೀರ್ಮಾನ: ಇದ್ದ ಗೆರೆಯನ್ನು ಕಾಯುವುದು, ಗೆರೆಯನ್ನು ಕಡಲ ಕಡೆಗೆ ಸರಿಸುವುದು, ಯೋಜಿಸಿಕೊಂಡು ಹಿಂದೆ ಸರಿಯುವುದು, ಅಥವಾ ಕೈ ಹಾಕದೆ ಬಿಡುವುದು.

ವೇಲ್ಸ್‌ನ ಫೇರ್‌ಬೋರ್ನ್ ಎಂಬ ಸಣ್ಣ ಊರಿಗೆ 2014ರಲ್ಲಿ ಹೇಳಿದರು: 2054ರವರೆಗೆ ಕಾಯುತ್ತೇವೆ, ಆಮೇಲೆ ಆಗುವುದಿಲ್ಲ. ಇನ್ನೂ 40 ವರ್ಷ ಇತ್ತು. ಆದರೆ ಸುದ್ದಿ ಹೊರಬಿದ್ದ ಕೂಡಲೇ ಮನೆಗಳ ಬೆಲೆ ಬಿತ್ತು, ಬ್ಯಾಂಕ್ ಸಾಲ ಸಿಗುವುದು ಕಷ್ಟವಾಯಿತು. ಜನ ಎಲ್ಲಿಗೆ ಹೋಗಬೇಕು, ಯಾರ ಖರ್ಚಿನಲ್ಲಿ ಎನ್ನುವುದಕ್ಕೆ ಉತ್ತರ ಇರಲಿಲ್ಲ. ತಾರೀಕು ಮಾತ್ರ ಇತ್ತು. ಊರಿನವರ ಸಿಟ್ಟು ಇವತ್ತಿಗೂ ಆರಿಲ್ಲ.

ಇನ್ನೊಂದು ಮೆಡ್ಮೆರಿ, ದಕ್ಷಿಣ ಇಂಗ್ಲೆಂಡಿನದು. ಅಲ್ಲಿ ಕಡಲಂಚಿನ ಕಲ್ಲಿನ ದಿಬ್ಬವನ್ನು ಪ್ರತಿ ಚಳಿಗಾಲ ರಿಪೇರಿ ಮಾಡಿ ಸೋತು, 2013ರಲ್ಲಿ ಒಳಗೆ 7 ಕಿ.ಮೀ. ಹೊಸ ಏರಿ ಕಟ್ಟಿ, ಹಳೆಯದನ್ನು ತಾವೇ ಒಡೆದರು. ಮಧ್ಯದ ಹೊಲಗಳು ಜವುಗಾದವು. ಅಲೆ ಆ ಜವುಗಿನ ಮೇಲೆ ಬಂದು ಬಲ ಕಳೆದುಕೊಳ್ಳುತ್ತದೆ, ಹಿಂದಿನ ಊರು ಮುಂಚಿಗಿಂತ ಸುರಕ್ಷಿತ. ಹೊಲದವರಿಗೆ ಮೊದಲೇ ಹಣ ಕೊಟ್ಟಿದ್ದರು. ಎರಡೂ ಕಡೆ ಹಿಂದೆ ಸರಿದದ್ದೇ, ಆದರೆ ಒಂದು ಕಡೆ ಬಿಟ್ಟುಕೊಡುವವರಿಗೆ ಏನು ಸಿಗುತ್ತದೆ ಎಂದು ಮೊದಲು ಇತ್ಯರ್ಥವಾಗಿತ್ತು.

ಗಜನಿ ಮನೆ

ಇಷ್ಟು ಓದಿದ ಮೇಲೆ ಕುಮಟೆ ಕಡೆಯ ನಾವು ಸುಮ್ಮನಿರಲು ಆಗುವುದಿಲ್ಲ. ಹೊಸ ಏರಿ, ಉಪ್ಪುನೀರಿಗೆ ಜಾಗ ಬಿಟ್ಟ ಹೊಲ, ಇದೆಲ್ಲ ಅಘನಾಶಿನಿಯ ಗಜನಿ, ಅಂದರೆ ಹೊಳೆಯಂಚಿನ ಉಪ್ಪುನೀರಿನ ಗದ್ದೆ ಮಾಡುವವರಿಗೆ ಹೊಸದಲ್ಲ. ಮಳೆಗಾಲದಲ್ಲಿ ಗದ್ದೆಗೆ ಸಿಹಿನೀರು, ಕಗ್ಗ ಭತ್ತ. ಕೊಯ್ಲಾದ ಮೇಲೆ ಕಟ್ಟಿನ ಹಲಗೆ ಬಾಗಿಲು ತೆಗೆದು ಭರ್ತಿ (ಉಬ್ಬರ) ನೀರು ಒಳಗೆ ಬಿಟ್ಟು ಸಿಗಡಿ, ಮೀನು. ಕಗ್ಗಕ್ಕೆ ಗೊಬ್ಬರ ಇಲ್ಲ, ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಎದ್ದು ನಿಲ್ಲುತ್ತದೆ, ಉಪ್ಪು ತಡೆಯುತ್ತದೆ. ನೆರೆ ಬಂದಾಗ ಹೊಳೆ ಅಗಲಿಸಿಕೊಳ್ಳಲು ಈ ಗಜನಿಯೇ ಜಾಗ ಕೊಡುತ್ತದೆ. ಅದಿಲ್ಲದಿದ್ದರೆ ಆ ನೀರು ಐಗಳಕುರ್ವೆಯಂಥ ಊರಿನ ಅಂಗಳಕ್ಕೆ ಬರುತ್ತದೆ.

ಆದರೆ ಕಗ್ಗ ಬೆಳೆಯುವವರು ಕಡಿಮೆಯಾದರು. 1990ರ ದಶಕದಲ್ಲಿ ಸಿಗಡಿ ಕೃಷಿಯ ಆಸೆಗೆ ಹಲವು ಗಜನಿ ಹೋಯಿತು, ಬಿಳಿಚುಕ್ಕೆ ರೋಗ ಬಂದು ಸಿಗಡಿಯೂ ಹೋಯಿತು. ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಕಟ್ಟು ಒಡೆದರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಒಡೆದ ಜಾಗದಿಂದ ಉಪ್ಪುನೀರು ಬಾವಿಗೂ ತೋಟಕ್ಕೂ ಬರುತ್ತದೆ.

ಅಘನಾಶಿನಿ ಅಳಿವೆ ಪ್ರದೇಶಕ್ಕೆ 2024ರಲ್ಲಿ ರಾಮ್ಸಾರ್, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜವುಗು ಪ್ರದೇಶ ಎಂಬ ಮನ್ನಣೆ ಬಂತು, 4801 ಹೆಕ್ಟೇರ್. ನಮಗೆ ಸಂತೋಷವೇ. ಅದರ ಜೊತೆಗೆ ಕಟ್ಟು ಕಾಯುವವನಿಗೂ ಕಗ್ಗ ಬೆಳೆಯುವವನಿಗೂ ವರ್ಷಕ್ಕಿಷ್ಟು ಅಂತ ಸಂದಾಯವಾಗಬೇಕು. ಕಡಲಿಗೆ ಗೋಡೆ ಕಟ್ಟುವ ಗುತ್ತಿಗೆದಾರನಿಗೆ ಹಣ ಉಂಟು, ನೆರೆ ನೀರಿಗೆ ಗದ್ದೆ ಒಡ್ಡುವ ರೈತನಿಗೆ ಇಲ್ಲ. ಇದು ನ್ಯಾಯವಲ್ಲ.

ಕೋಡಿಬಾಗ

ಗಜನಿಯವರಿಗೆ ಒಂದು ಪ್ರಶ್ನೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಟ್ಟರೆ ಕೊರೆತವೂ ನಿಲ್ಲುತ್ತದೆ, ಕಟ್ಟೂ ಉಳಿಯುತ್ತದೆ ಎನ್ನುತ್ತಾರಲ್ಲ?

ಗಜನಿ ಮನೆ

ಹೊಳೆ ದಂಡೆಯಲ್ಲಿ, ಕಟ್ಟಿನ ಹೊರಗೆ ನೆಟ್ಟರೆ ಅಲೆಯ ಹೊಡೆತ ಖಂಡಿತ ತಗ್ಗುತ್ತದೆ. ಕಟ್ಟಿನ ಮೈಮೇಲೆಯೇ ಬೆಳೆದರೆ ಬೇರು ಇಳಿದ ಕಡೆ ಏಡಿ ಬಿಲ ಮಾಡುತ್ತದೆ, ನೀರು ಸೋರುತ್ತದೆ ಎಂದು ನಮ್ಮ ಹಿರಿಯರು ಕಿತ್ತು ಹಾಕುತ್ತಿದ್ದರು. ಇನ್ನು ಬಳಚು (ಚಿಪ್ಪುಮೀನು) ಹೆಕ್ಕುವ ಹೂಳುದಿಬ್ಬದ ಮೇಲೆ ಸಾಲು ಹಿಡಿದು ನೆಡುವುದನ್ನು ನಾನು ವಿರೋಧಿಸುತ್ತೇನೆ. ಅಲ್ಲಿ ನೂರಾರು ಹೆಂಗಸರ ಹೊಟ್ಟೆಪಾಡು ಇದೆ. ಬರಿ ಕಡಲಿಗೆ ಎದುರಾದ ಮರಳು ದಂಡೆಯಲ್ಲಿ ಕಾಂಡ್ಲಾ ಬದುಕುವುದೂ ಇಲ್ಲ. ಅಲ್ಲಿಗೆ ಬಂಗುಡೆ ಬಳ್ಳಿ, ರಾವಣನ ಮೀಸೆ, ಹಿಂದೆ ಕೇದಿಗೆ. ಈ ಬಳ್ಳಿ ಹುಲ್ಲುಗಳು ಗಾಳಿಗೆ ಹಾರುವ ಮರಳನ್ನು ಹಿಡಿದು ದಿಬ್ಬ ಕಟ್ಟುತ್ತವೆ. ಬೀಚ್ ಚೊಕ್ಕಟ ಮಾಡುತ್ತೇವೆ ಅಂತ ಜೆಸಿಬಿಯಲ್ಲಿ ಅದನ್ನೇ ಕೆರೆದು ಹಾಕುವುದನ್ನು ನೋಡಿದರೆ ಸಂಕಟವಾಗುತ್ತದೆ.

ಶಿರಸಿ ಸೀಮೆ

ಘಟ್ಟದ ಮೇಲಿನವರು ಇಲ್ಲಿ ಏನು ಮಾತಾಡುತ್ತಾರೆ ಅನ್ನಬೇಡಿ. ಅಘನಾಶಿನಿ ಹುಟ್ಟುವುದು ನಮ್ಮ ಶಿರಸಿಯ ಶಂಕರಹೊಂಡದಲ್ಲಿ.

ಮರಳಿನ ಜಮಾ ಭಾಗದ ಬಗ್ಗೆ ಮಾತು ಸಾಕಷ್ಟು ಆಗಿಲ್ಲ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ, ಕೆಳಗೆ ಗೇರುಸೊಪ್ಪ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ. ಅಣೆಕಟ್ಟು ನೀರನ್ನು ಎಂದಾದರೂ ಬಿಟ್ಟೀತು, ತಳಕ್ಕೆ ಕೂತ ಮರಳನ್ನು ಬಿಡುವುದಿಲ್ಲ. ಕೆಳಗೆ ಉಳಿದ ಮರಳನ್ನು ಅಳಿವೆಯಲ್ಲಿ ದೋಣಿ ಕಟ್ಟಿ ತೆಗೆದು ಲಾರಿ ತುಂಬುತ್ತೇವೆ. ಆಮೇಲೆ ದಂಡೆ ಯಾಕೆ ಸವೆಯಿತು ಅಂತ ಕೇಳುತ್ತೇವೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಗಂಗಾವಳಿಯೂ ಬಹುಮಟ್ಟಿಗೆ ತಡೆಯಿಲ್ಲದೆ ಹರಿಯುತ್ತದೆ. ಈ ಎರಡು ಹೊಳೆಗಳು ಕಡಲಿಗೆ ಇನ್ನೂ ಮರಳು ಒಯ್ಯುತ್ತಿವೆ ಎನ್ನುವುದೇ ಈ ಜಿಲ್ಲೆಯ ಭಾಗ್ಯ.

ಗಂಗಾವಳಿಗೆ ಘಟ್ಟದ ಮೇಲೆ ಬೇಡ್ತಿ ಎಂದು ಹೆಸರು. ಅದಕ್ಕೇ ಬೇಡ್ತಿಯ ನೀರನ್ನು ವರದಾ ಹೊಳೆಗೆ ತಿರುಗಿಸುವ ಬೇಡ್ತಿ–ವರದಾ ಜೋಡಣೆಯ ಮಾತು ಬಂದಾಗೆಲ್ಲ ನಾವು ಘಟ್ಟದ ಮೇಲೆ ಕೂಗುವುದು. ಸಮುದ್ರಕ್ಕೆ ಸೇರಿ ವ್ಯರ್ಥವಾಗುವ ನೀರು ಎನ್ನುವವರು ಒಮ್ಮೆ ಗಂಗಾವಳಿ ಕಡಲು ಸೇರುವ ಅಂಕೋಲೆಯ ಮಂಜಗುಣಿಗೆ ಬರಲಿ. ಆ ನೀರೇ ಮರಳನ್ನು ದಂಡೆಗೆ ಮುಟ್ಟಿಸುತ್ತದೆ, ಉಪ್ಪನ್ನು ಹಿಂದಕ್ಕೆ ತಳ್ಳುತ್ತದೆ. ಕಡಲ ದಂಡೆಯ ಯೋಜನೆ ಮಾಡುವ ಸಭೆಯಲ್ಲಿ ಹೊಳೆಯ ಮೇಲ್ಭಾಗದವರಿಗೂ ಒಂದು ಕುರ್ಚಿ ಇರಬೇಕು.

ಕೋಡಿಬಾಗ

ಕಾರವಾರದ ಕಡೆಯಿಂದ ನನ್ನ ಪಾಲಿನ ಮಾತು. ನೀವೆಲ್ಲ ಎದುರಿನಿಂದ ಬರುವ ಕಡಲನ್ನೇ ನೋಡುತ್ತಿದ್ದೀರಿ. ನಮಗೆ ನೀರು ಬರುವುದು ಹಿಂದಿನಿಂದ. 2019ರ ಆಗಸ್ಟಿನಲ್ಲಿ ಘಟ್ಟದಲ್ಲಿ ಮಳೆ, ಕದ್ರಾದಿಂದ ಬಿಟ್ಟ ನೀರು, ಕಾಳಿ ದಂಡೆಯ ಊರುಗಳಿಗೆ ನೆರೆ. ಅದೇ ವಾರ ಗಂಗಾವಳಿಯೂ ತುಂಬಿತ್ತು. 2021ರ ಜುಲೈಯಲ್ಲಿ ಮತ್ತೆ. ನಮ್ಮಲ್ಲಿ ಅಮಾಸೆ ಹುಣ್ಣಿಮೆಯ ಭರ್ತಿಗೂ ಇಳಿತಕ್ಕೂ ಸುಮಾರು 2 ಮೀಟರ್ ವ್ಯತ್ಯಾಸ. ಭರ್ತಿ ಏರಿದ ಹೊತ್ತಿಗೆ ಹೊಳೆಯ ನೀರು ಕಡಲಿಗೆ ಇಳಿಯುವುದಿಲ್ಲ, ಹಿಂದಕ್ಕೆ ಒತ್ತಿ ತೋಡು, ಗಟಾರದಲ್ಲಿ ಏರುತ್ತದೆ. ಅಂಥ ಹೊತ್ತಿನಲ್ಲೇ ಜಲಾಶಯದ ಬಾಗಿಲು ತೆಗೆದರೆ ಮುಗಿಯಿತು. ಹೆದ್ದಾರಿಗೆ ಮಣ್ಣು ಏರಿಸಿದ ಕಡೆ ಮೋರಿ ಸಾಲದೆ ನೀರು ಆಚೆ ದಾಟುವುದೂ ಇಲ್ಲ.

ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಮಾಜಾಳಿಯಿಂದ ಭಟ್ಕಳದವರೆಗೆ ಇಷ್ಟು ಮೀಟರ್ ಅಲೆ ಅಂತ ಎಚ್ಚರಿಕೆ ಕೊಡುತ್ತದೆ. ಜಲಾಶಯದವರ ಎಚ್ಚರಿಕೆ ಬೇರೆ, ಮಳೆಯ ರೆಡ್ ಅಲರ್ಟ್ ಬೇರೆ. ಮೂರನ್ನೂ ಭರ್ತಿಯ ಸಮಯದ ಜೊತೆ ಕೂಡಿಸಿ "ನಾಳೆ ಬೆಳಿಗ್ಗೆ ಇಷ್ಟು ಗಂಟೆಗೆ ನಿಮ್ಮ ಕೇರಿಗೆ ನೀರು" ಎಂದು ಹೇಳುವ ಒಂದೇ ಒಂದು ಜಾಗ ಬೇಕು. ಗೋಡೆಗಿಂತ ಇದು ಅಗ್ಗ, ಜೀವ ಉಳಿಸುವುದು ಇದೇ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದಾಗ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಗುಡ್ಡ, ಹೊಳೆ, ಕಡಲು ಅಂತ ಕಡತ ಬೇರೆಬೇರೆ ಇಟ್ಟರೆ ನಮ್ಮ ಜಿಲ್ಲೆಗೆ ಆಗುವುದಿಲ್ಲ.

ಒಣಮೀನು ದಂಡೆ

ಕಾಸರಕೋಡಿನವಳು. ಹೆಚ್ಚಾಗಿ ಗಂಡಸರೇ ಮಾತಾಡಿದಿರಿ, ನಾನೂ ಎರಡು ಹೇಳುತ್ತೇನೆ.

ಈ ಮಾತಿನಲ್ಲೆಲ್ಲ ದಂಡೆ ಅಂದರೆ ಖಾಲಿ ಜಾಗ ಅನ್ನುವ ಹಾಗಿದೆ. ಅದು ನಮ್ಮ ಅಂಗಳ, ನಮ್ಮ ಕಣ. ಮೀನು ಒಣಗಿಸಲು ಮರಳು ಬೇಕು, ಬಿಸಿಲು ಬೇಕು, ಗಾಳಿ ಬೇಕು. ರಂಪಣಿ ಬಲೆ ಎಳೆಯಲು ದಂಡೆ ಬೇಕು. ಕಡಲಾಮೆ ಮೊಟ್ಟೆ ಇಡುವುದೂ ಇದೇ ಮರಳಿನಲ್ಲಿ. ಗೋಡೆ ಬಂದರೆ ಮನೆ ಉಳಿದರೂ ಕಸುಬು ಹೋಯಿತು. ಎರಡು ಕಿಲೋಮೀಟರ್ ಒಳಗೆ ಕಾಲೊನಿ ಕಟ್ಟಿಕೊಟ್ಟರೂ ಕಸುಬು ಹೋಯಿತು. ಬೆಳಗಿನ ಜಾವ ದೋಣಿ ಬಂದಾಗ ಬುಟ್ಟಿ ಹಿಡಿದು ನಿಲ್ಲುವಷ್ಟು ಹತ್ತಿರ ಇರಬೇಕು ನಾವು.

ಕೇರಳದಲ್ಲಿ ಪುನರ್ಗೇಹಂ ಅಂತ ಮಾಡಿದ್ದಾರೆ, ಭರ್ತಿ ಗೆರೆಯಿಂದ 50 ಮೀಟರ್ ಒಳಗಿದ್ದವರು ಬಿಟ್ಟರೆ 10 ಲಕ್ಷ ರೂಪಾಯಿ. ಅಷ್ಟು ಹಣಕ್ಕೆ ಕಡಲ ಹತ್ತಿರ ಜಾಗ ಸಿಗುವುದಿಲ್ಲ ಅಂತ ಅಲ್ಲಿಯವರೇ ಹೇಳುತ್ತಾರೆ. ನಮ್ಮಲ್ಲಿ ಎಷ್ಟೋ ಮನೆಗೆ ಹಕ್ಕುಪತ್ರವೇ ಇಲ್ಲ. ನಾಳೆ ಮನೆ ಕಡಲಿಗೆ ಹೋದರೆ ಯಾವ ಮನೆ ಅಂತ ಕೇಳುತ್ತಾರೆ. ಮೊದಲು ಹಕ್ಕುಪತ್ರ ಕೊಡಿ, ಆಮೇಲೆ ಹಿಂದೆ ಸರಿಯುವ ಮಾತು.

ಹಾರವಾಡ ಕೇರಿ

ಅಕ್ಕ, ನಾನು ಹೇಳಬೇಕೆಂದಿದ್ದದ್ದನ್ನೇ ಹೇಳಿದಿರಿ.

ಹಳೆ ಸರ್ವೇಕಲ್ಲು

ಕಾಸರಕೋಡಿನ ಅಕ್ಕ ಹೇಳಿದ್ದಕ್ಕೂ ಹಾರವಾಡದ ತಮ್ಮನ ಮೊದಲಿನ ಪ್ರಶ್ನೆಗೂ ಸೇರಿಸಿ ಹೇಳುತ್ತೇನೆ.

ಫೇರ್‌ಬೋರ್ನ್‌ಗೆ ತಾರೀಕು ಕೊಟ್ಟದ್ದು ತಪ್ಪಾಯಿತು. ನಾವು ತಾರೀಕಿನ ಬದಲು ದೂರ ಇಟ್ಟುಕೊಳ್ಳೋಣ. ಪ್ರತಿ ಕೇರಿಯಲ್ಲಿ ಮೂರು ನಾಲ್ಕು ಕಡೆ ಗುರುತಿನ ಕಲ್ಲು ನೆಟ್ಟು, ಅಲ್ಲಿಂದ ಬಳ್ಳಿ ಹುಲ್ಲು ಶುರುವಾಗುವ ಗೆರೆಯವರೆಗೆ ಟೇಪಿನಲ್ಲಿ ಅಳೆಯಬೇಕು. ಪ್ರತಿ ವರ್ಷ ಒಂದೇ ತಿಂಗಳಲ್ಲಿ, ಮರಳು ತಿರುಗಿ ಬಂದು ಕೂತ ಮೇಲೆ, ಏಪ್ರಿಲ್ ಆದರೆ ಒಳ್ಳೆಯದು. ಒಂದು ವರ್ಷ ಆಗಸ್ಟಿನಲ್ಲಿ ಅಳೆದು ಹೆದರುವುದು, ಇನ್ನೊಂದು ವರ್ಷ ಜನವರಿಯಲ್ಲಿ ಅಳೆದು ಸಮಾಧಾನ ಪಡುವುದು ಬೇಡ. ಮೊಬೈಲ್ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಅದನ್ನು ನಂಬಿ ಕೂರಬೇಡಿ. ಗೆರೆ ಮನೆಗಳಿಂದ ಇಷ್ಟು ದೂರಕ್ಕೆ ಬಂತೆಂದರೆ ಜಾಗ ನೋಡುವುದು, ಇನ್ನೂ ಹತ್ತಿರ ಬಂತೆಂದರೆ ಮನೆ ಕಟ್ಟಲು ಶುರು ಮಾಡುವುದು, ಇವೆರಡನ್ನೂ ಊರೇ ಕೂತು ಮೊದಲೇ ಬರೆದಿಡುವುದು. ಗೆರೆ ಸರಿಯದಿದ್ದರೆ ಯಾರೂ ಏಳಬೇಕಾಗಿಲ್ಲ, ಬೆಲೆ ಬೀಳಬೇಕಾಗಿಲ್ಲ.

ಸಮುದ್ರದ ಏರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಉತ್ತರ ಹಿಂದೂ ಮಹಾಸಾಗರದಲ್ಲಿ 1993ರಿಂದ 2015ರವರೆಗೆ ವರ್ಷಕ್ಕೆ 3.3 ಮಿ.ಮೀ.ನಂತೆ ಏರಿದೆ. ಅದೇ ವೇಗವಿದ್ದರೂ 30 ವರ್ಷಕ್ಕೆ 10 ಸೆಂ.ಮೀ. ಸಣ್ಣದು ಅನ್ನಿಸುತ್ತದೆ. ಮರಳು ದಂಡೆಯಲ್ಲಿ ನೀರು ಏರಿದ್ದರ 50ರಿಂದ 100 ಪಟ್ಟು ದಂಡೆ ಹಿಂದೆ ಸರಿಯಬಹುದು ಎನ್ನುವುದು ಇಂಜಿನಿಯರುಗಳ ಸ್ಥೂಲ ಲೆಕ್ಕ, ಅಂದರೆ 5ರಿಂದ 10 ಮೀಟರ್. ಹೊಳೆ ಮರಳು ತರುತ್ತಿದ್ದರೆ ಕಡಿಮೆ, ತರದಿದ್ದರೆ ಹೆಚ್ಚು. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2021ರ ವರದಿಯಂತೆ ಈ ಶತಮಾನದ ಕೊನೆಗೆ ಜಾಗತಿಕ ಏರಿಕೆ 0.28 ಮೀಟರ್‌ನಿಂದ 1 ಮೀಟರ್‌ವರೆಗೆ ಆಗಬಹುದು, ನಾವು ಸುಡುವ ಇಂಧನದ ಮೇಲೆ ನಿಂತಿದೆ.

ರೆಸಾರ್ಟಿನ ಪ್ರಶ್ನೆ. ಜನ ಬಿಟ್ಟ ಜಾಗ ಸಮುದಾಯದ ಹೆಸರಿನಲ್ಲೇ ಉಳಿಯಬೇಕು, ದೋಣಿ, ಬಲೆ, ಮೀನು ಒಣಗಿಸುವುದಕ್ಕೆ ಮಾತ್ರ ಎಂದು ಪಹಣಿಯಲ್ಲೇ ಬರಬೇಕು. ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) 2011ರ ಅಧಿಸೂಚನೆ ದೇಶದ ಅತಿ ಸೂಕ್ಷ್ಮ ಕರಾವಳಿ ಪ್ರದೇಶಗಳ ಪಟ್ಟಿಯಲ್ಲಿ ಕಾರವಾರ, ಕುಂದಾಪುರಗಳ ಹೆಸರು ಹೇಳಿದೆ, ಅಂಥ ಕಡೆ ಮೀನುಗಾರರನ್ನೂ ಸೇರಿಸಿಕೊಂಡು ನಿರ್ವಹಣೆ ಮಾಡಬೇಕು ಎಂದಿದೆ. ನಾವು ಕೇಳುತ್ತಿರುವುದು ಕಾನೂನಿನಲ್ಲೇ ಇದೆ. 2019ರ ಅಧಿಸೂಚನೆ ಜನದಟ್ಟಣೆಯ ಹಳ್ಳಿಗಳಲ್ಲಿ ಕಟ್ಟಡ ನಿಷೇಧದ ಅಂತರವನ್ನು 200ರಿಂದ 50 ಮೀಟರಿಗೆ ಇಳಿಸಿತು. ಕಡಲಿನ ಅಪಾಯ ಎಲ್ಲಿಯವರೆಗೆ ತಟ್ಟಬಹುದು ಎಂದು ತೋರಿಸುವ ಅಪಾಯದ ಗೆರೆಯನ್ನು ವಿಪತ್ತು ನಿರ್ವಹಣೆಗೆ ಬಳಸಿ ಎಂದಷ್ಟೇ ಹೇಳಿತು. ಆ ಗೆರೆ ಎಲ್ಲಿ ಹೋಗುತ್ತದೆ ಎಂದು ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ನಕ್ಷೆ ಹಾಕಲಿ, ಹೊಸದಾಗಿ ಮನೆ ಕಟ್ಟುವವರು ನೋಡಿಕೊಳ್ಳುತ್ತಾರೆ.

ದುಡ್ಡೇ ಇಲ್ಲ ಎಂದರೆ ಒಪ್ಪಬೇಡಿ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ದೇಶದಲ್ಲಿ ಕೊರೆತ ತಡೆಗೆ 1,500 ಕೋಟಿ, ಕೊರೆತದಿಂದ ನೆಲೆ ತಪ್ಪಿದವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಪುನರ್ವಸತಿಗೂ ಹಣ ಇಡಬಹುದು ಎಂದಾಯಿತು, ಕೇಳುವವರು ಬೇಕು.

ಬಡಗಣಿ ದಂಡೆ

ಎಲ್ಲರಿಗೂ ಕೃತಜ್ಞತೆಗಳು. ಅರ್ಜಿ ಹೊಸದಾಗಿ ಬರೆದಿದ್ದೇನೆ, ಸಾರ ಇಲ್ಲಿ ಹಾಕುತ್ತೇನೆ, ತಿದ್ದಿ.

ನಮ್ಮ ಕೊಲ್ಲಿಯನ್ನು ಗುಡ್ಡದಿಂದ ಗುಡ್ಡಕ್ಕೆ ಒಂದೇ ಘಟಕವೆಂದು ಹಿಡಿದು, ಹೊಳೆಯನ್ನೂ ಸೇರಿಸಿ, ಮುಂದಿನ 50 ವರ್ಷಕ್ಕೆ ಯೋಜನೆ ಮಾಡಬೇಕು. ಅದು ಆಗುವವರೆಗೆ ಗಡಿಬಿಡಿಯ ಕಲ್ಲು ಬೇಡ. ಆದರೆ ಕಡಲಿಗೆ ತೀರ ಹತ್ತಿರ ಬಂದ ಮನೆಗಳಿಗೆ ಈ ಮಳೆಗಾಲಕ್ಕೆ ಮರಳು ತುಂಬಿದ ಜಿಯೋಟೆಕ್ಸ್‌ಟೈಲ್ ಚೀಲ, ಬೇಡವಾದಾಗ ತೆಗೆಯಲು ಬರುವಂಥದ್ದು. ಅಳಿವೆಯ ಹೂಳಿನ ಮರಳು ಇದೇ ದಂಡೆಗೆ. ದಿಬ್ಬದ ಬಳ್ಳಿ, ಹುಲ್ಲು ಕೆರೆಯಬಾರದು. ಪಂಚಾಯಿತಿಯ ಮೇಲುಸ್ತುವಾರಿಯಲ್ಲಿ ಪ್ರತಿ ಏಪ್ರಿಲ್ ಅಳತೆ, ಶಾಲೆಯ ಮಕ್ಕಳನ್ನೂ ಸೇರಿಸಿ. ಎಲ್ಲ ಮನೆಗೆ ಹಕ್ಕುಪತ್ರ. ಹೆದ್ದಾರಿಯ ಪಶ್ಚಿಮಕ್ಕೇ, ಕಡಲಿಗೆ ನಡೆದು ಹೋಗುವಷ್ಟು ಹತ್ತಿರ, ಎತ್ತರದ ಸರ್ಕಾರಿ ಜಾಗವನ್ನು ಈಗಲೇ ಕಾದಿರಿಸುವುದು. ಜನ ಬಿಟ್ಟ ಜಾಗ ಸಮುದಾಯದ ಹೆಸರಿಗೆ.

ಒಣಮೀನು ದಂಡೆ

ಕಾದಿರಿಸಿದ ಜಾಗದಲ್ಲಿ ಮನೆಗಷ್ಟೇ ಅಲ್ಲ, ಮೀನು ಒಣಗಿಸುವ ಕಣಕ್ಕೂ ನೀರಿನ ನಲ್ಲಿಗೂ ಜಾಗ ಅಂತ ಬರೆಯಿರಿ. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ.

ಬಡಗಣಿ ದಂಡೆ

ಎರಡೂ ಸೇರಿಸಿದೆ ಅಕ್ಕ.

ಹಾರವಾಡ ಕೇರಿ

ನಾನು ಇನ್ನೂ ಪೂರ್ತಿ ಒಪ್ಪಿಲ್ಲ. ನಮ್ಮ ಕೇರಿಗೆ ಹಿಂದೆ ಸರಿಯಲು ಜಾಗವೇ ಕಾಣುವುದಿಲ್ಲ, ನಮಗೆ ಗೋಡೆಯೇ ಬೇಕಾದೀತು. ಆದರೆ ಗುರುತಿನ ಕಲ್ಲು ನೆಡುವ ಕೆಲಸ ನಾವೂ ಮಾಡುತ್ತೇವೆ. ಸರ್, ಕಲ್ಲು ಎಷ್ಟು ಆಳ ಹೂಳಬೇಕು, ಅಳತೆಯ ಪುಸ್ತಕದಲ್ಲಿ ಏನೇನು ಬರೆಯಬೇಕು ಸ್ವಲ್ಪ ಹೇಳುತ್ತೀರಾ?

ಹಳೆ ಸರ್ವೇಕಲ್ಲು

ಅಗತ್ಯವಾಗಿ. ಚಿರೇಕಲ್ಲು ಬೇಡ, ಸವೆಯುತ್ತದೆ. ಕರಿಕಲ್ಲು ಅಥವಾ ಕಾಂಕ್ರೀಟ್ ಕಂಬ, ಮೂರು ಅಡಿ ಒಳಗೆ, ಮನೆ ಸಾಲಿನ ಹಿಂದೆ ಗಟ್ಟಿ ನೆಲದಲ್ಲಿ. ಪುಸ್ತಕದಲ್ಲಿ ತಾರೀಕು, ತಿಥಿ, ಭರ್ತಿಯೋ ಇಳಿತವೋ, ಕಲ್ಲಿನಿಂದ ಬಳ್ಳಿ ಗೆರೆಗೆ ಎಷ್ಟು, ಬಳ್ಳಿ ಗೆರೆಯಿಂದ ಒದ್ದೆ ಮರಳಿಗೆ ಎಷ್ಟು, ಅಳೆದವರ ಸಹಿ. ಪ್ರತಿ ಸಲ ಅದೇ ಜಾಗದಲ್ಲಿ ನಿಂತು ಅದೇ ದಿಕ್ಕಿಗೆ ಒಂದು ಫೋಟೋ. ಹಾರವಾಡಕ್ಕೆ ಗೋಡೆಯೇ ಸರಿ ಎಂದು ಆ ಅಳತೆ ಹೇಳಿದರೆ ಅರ್ಜಿಗೆ ನಾನೂ ಸಹಿ ಹಾಕುತ್ತೇನೆ.